ಮಳೆ ಮುಗಿಯದ ಬೆಟ್ಟಕ್ಕೆ ಒಬ್ಬರೇ ಹೋಗಬಹುದೇ?

ಮುಂಗಾರು ಹಿಂದೆ ಸರಿಯುವ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿಯೂ, ಮುಂಗಾರಿಗೆ ಮುನ್ನ ಗುಡುಗು–ಸಿಡಿಲು ಆರ್ಭಟಿಸುವ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಒಂಟಿಯಾಗಿ ಚಾರಣ ಹೋಗುವ ಕುರಿತು ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಸ್ಥಳಾಭಾವದಿಂದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ಅಕ್ಟೋಬರ್ ಮೂರನೆಯ ವಾರ ಕುಮಾರಪರ್ವತಕ್ಕೆ ಹೋಗಲು ನಾವು ನಾಲ್ವರು ಗೆಳೆಯರು ನಿಶ್ಚಯಿಸಿದ್ದೆವು. ಮೂವರು ಬರಲಾಗುವುದಿಲ್ಲ ಎಂದರು. ರಜೆ ಮಂಜೂರಾಗಿರುವುದರಿಂದ ನಾನೊಬ್ಬನೇ ಹೋಗಿಬರಬೇಕೆಂದಿದ್ದೇನೆ. ಮೊಬೈಲಿನ ಹವಾಮಾನ ಆ್ಯಪ್ ಬಿಸಿಲು, ಸಂಜೆ ತುಸು ಮೋಡ ಎಂದು ತೋರಿಸುತ್ತಿದೆ. ಅರಣ್ಯ ಇಲಾಖೆಯೂ ದಾರಿಯನ್ನು ತೆರೆದಿದೆ. ಹಾಗಿರುವಾಗ ಹೆದರಬೇಕಾದ್ದೇನಿದೆ? (ಓದುಗರೊಬ್ಬರು, ಹಾಸನ)

ಉತ್ತರ: ಆ ವಾರ ಒಬ್ಬರೇ ಹೋಗಬೇಡಿ ಎಂಬುದು ನಮ್ಮ ಉತ್ತರ. ಕಾರಣ ತಿಳಿಸದೆ ಬೇಡವೆಂದರೆ ನಿಮಗೆ ಸಮಾಧಾನವಾಗದು ಎಂಬುದನ್ನು ಬಲ್ಲೆವಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ನೀವು ‘ಸುಬ್ರಹ್ಮಣ್ಯ’ ಎಂದು ಹುಡುಕಿದಾಗ ಆ್ಯಪ್ ಕೊಡುವ ಮುನ್ಸೂಚನೆ, ಸಮುದ್ರಮಟ್ಟದಿಂದ ನೂರು ಮೀಟರಿಗಿಂತ ತುಸುವೇ ಮೇಲಿರುವ, ಬೆಟ್ಟದ ಬುಡದ ಊರಿನದು. ನೀವು ಹತ್ತಲಿರುವ ಶಿಖರ 1,712 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಕೆಳಗಿನ ರಥಬೀದಿಯಲ್ಲಿ 30 ಡಿಗ್ರಿ ಇರುವ ಹೊತ್ತಿಗೆ ನೆತ್ತಿಯಲ್ಲಿ 20ರ ಆಸುಪಾಸು ಇರುತ್ತದೆ. ಮಳೆ ಸುರಿದು ಗಾಳಿ ಎದ್ದರೆ ಮೈಗೆ ತಾಗುವ ಚಳಿ ಅದಕ್ಕಿಂತಲೂ ಹೆಚ್ಚು. ಇನ್ನೊಂದು ಮಾತು: ಮುನ್ಸೂಚನೆಯ ಗಣಿತ ಮಾದರಿಗಳು ನೆಲವನ್ನು ಹಲವು ಕಿಲೊಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿಕೊಂಡು ಲೆಕ್ಕ ಹಾಕುತ್ತವೆ. ದಾರಿಯಲ್ಲಿ ಮೊದಲು ಸಿಗುವ ಶೇಷಪರ್ವತ, ಕುಮಾರಪರ್ವತ, ನಡುವಿನ ಕಣಿವೆ ಎಲ್ಲವೂ ಅಂತಹ ಒಂದೋ ಎರಡೋ ಚೌಕದೊಳಗೆ ಅಡಗಿಹೋಗುತ್ತವೆ. ಅರಬ್ಬಿ ಸಮುದ್ರದ ತೇವ ತುಂಬಿದ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರಿ ಒಂದು ನೆತ್ತಿಯ ಮೇಲೆ ಮಾತ್ರ ಮೋಡ ಕಟ್ಟುವುದನ್ನು ಅವು ಹಿಡಿಯಲಾರವು.

ಅಕ್ಟೋಬರ್ ಮಧ್ಯದ ಹೊತ್ತಿಗೆ ನೈರುತ್ಯ ಮುಂಗಾರು ರಾಜ್ಯದಿಂದ ಹಿಂದೆ ಸರಿಯುತ್ತಿರುತ್ತದೆ, ಹಿಂಗಾರು ಇನ್ನೂ ನೆಲೆಯೂರಿರುವುದಿಲ್ಲ. ನಾಲ್ಕು ತಿಂಗಳು ನೀರುಂಡ ನೆಲದ ಮೇಲೆ ಮೋಡವಿಲ್ಲದ ಬಿಸಿಲು ಬೀಳುತ್ತಲೇ ತೇವವೆಲ್ಲ ಆವಿಯಾಗಿ ಏರುತ್ತದೆ. ಬೆಳಗ್ಗೆ ತಿಳಿಯಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ವೇಳೆಗೆ ಹೂಕೋಸಿನಂತೆ ಮೋಡ ಬೆಳೆದು, ಎರಡು–ಮೂರು ಗಂಟೆಯ ಬಳಿಕ ಗುಡುಗಿನೊಂದಿಗೆ ಸುರಿಯುತ್ತದೆ. ಇದೇ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದಲ್ಲಿಯೂ ಬಂಗಾಳ ಕೊಲ್ಲಿಯಲ್ಲಿಯೂ ವಾಯುಭಾರ ಕುಸಿತಗಳು ಹುಟ್ಟುವುದರಿಂದ, ನೂರಾರು ಕಿಲೊಮೀಟರ್ ದೂರದ ಒಂದು ಕುಸಿತ ಎರಡೇ ದಿನಗಳಲ್ಲಿ ಘಟ್ಟದ ಹವೆಯನ್ನು ಬದಲಿಸಿಬಿಡುತ್ತದೆ. ನೀವು ಹೇಳಿರುವ ವಾರ ಚಿತ್ತೆ ಮಳೆಯ ಕಾಲ. ‘ಕುರುಡು ಚಿತ್ತೆ’ ಎಂದು ರೈತರು ಅದನ್ನು ಕರೆಯುವುದು ಸುಮ್ಮನೆ ಅಲ್ಲ: ಒಂದು ಹೊಲ ತೊಯ್ದು ತೊಪ್ಪೆಯಾದರೆ ಪಕ್ಕದ ಹೊಲದಲ್ಲಿ ಧೂಳು ಏಳುತ್ತಿರುತ್ತದೆ.

ದಾರಿ ತೆರೆದಿರುವುದನ್ನು ಸುರಕ್ಷತೆಯ ಭರವಸೆ ಎಂದು ತಿಳಿಯಬಾರದು. 2024ರ ಜನವರಿಯ ಕೊನೆಯಲ್ಲಿ ಇದೇ ಬೆಟ್ಟಕ್ಕೆ ಒಂದೇ ವಾರಾಂತ್ಯದಲ್ಲಿ ಭಾರಿ ಜನಸಂದಣಿ ನುಗ್ಗಿದ ಬಳಿಕ ಸರ್ಕಾರ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿಯನ್ನು ಬಿಗಿಗೊಳಿಸಿತು. ಕಾಡಿನ ಹಿತದೃಷ್ಟಿಯಿಂದ ಅದು ಬಹಳ ಒಳ್ಳೆಯ ಕ್ರಮ. ಆದರೆ ಇಂದು ಎಷ್ಟು ಮಂದಿ ಹೋಗಬಹುದು ಎಂಬುದನ್ನಷ್ಟೇ ಆ ಅನುಮತಿ ಪತ್ರ ಹೇಳುತ್ತದೆ. ಮಧ್ಯಾಹ್ನ ಮೂರಕ್ಕೆ, ದಾರಿಯ ಮೇಲ್ಭಾಗದ ಕಲ್ಲುಮಂಟಪದಾಚೆ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಇನ್ನು ದಾರಿಯ ವಿಚಾರ. ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಕಾಡಿನೊಳಗಿನ ದಾರಿ ಸ್ಪಷ್ಟವಾಗಿದೆ. ಅಲ್ಲಿಂದ ಮೇಲೆ ಬಯಲು ಹುಲ್ಲುಗಾವಲು. ಮಳೆಗಾಲದಲ್ಲಿ ಯಾರೂ ನಡೆಯದೆ ಬೆಳೆದ ಹುಲ್ಲು ಅಕ್ಟೋಬರಿನಲ್ಲಿ ಎದೆಯುದ್ದವಾಗಿರುತ್ತದೆ. ಕಾಲುದಾರಿ ಅದರಡಿ ಮುಚ್ಚಿಹೋಗಿ, ಪ್ರಾಣಿಗಳು ಓಡಾಡಿದ ಜಾಡುಗಳು ದಾರಿಯಂತೆ ಕಾಣುತ್ತವೆ. ಡಿಸೆಂಬರ್ ಹೊತ್ತಿಗೆ ನೂರಾರು ಜನರ ಹೆಜ್ಜೆ ಬಿದ್ದು ದಾರಿ ತಾನೇ ತೆರೆದುಕೊಂಡಿರುತ್ತದೆ. ಅಕ್ಟೋಬರಿನಲ್ಲಿ ಮಂಜು ಕವಿದು ಹತ್ತು ಹೆಜ್ಜೆಯಾಚೆಗಿನದು ಕಾಣದಾದಾಗ, ಎರಡು ಜಾಡುಗಳು ಕವಲೊಡೆಯುವಲ್ಲಿ ಒಬ್ಬರು ನಿಂತು ಇನ್ನೊಬ್ಬರು ಐವತ್ತು ಹೆಜ್ಜೆ ಹೋಗಿ ನೋಡಿಬರುವ ಸರಳ ಉಪಾಯ ನಿಮಗಿರುವುದಿಲ್ಲ. ಶೇಷಪರ್ವತ ದಾಟಿ, ಬೆಟ್ಟಗಳ ಕಣಿವೆಯಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿಗಿಳಿದು ಮತ್ತೆ ಏರುವಲ್ಲಿ ಬರುವ ಕಡಿದಾದ ಬಂಡೆಯನ್ನು ಒಣಗಿದ್ದಾಗ ಮಕ್ಕಳೂ ಹತ್ತುತ್ತಾರೆ. ನೀರು ಹರಿದು ಪಾಚಿ ಕಟ್ಟಿದಾಗ ಹತ್ತುವುದು ಹೇಗೋ ಆಗುತ್ತದೆ, ಇಳಿಯುವುದು ಆಗುವುದಿಲ್ಲ. ಅಪಾಯ ಬರುವುದು ಇಳಿಯುವಾಗ, ಕಾಲು ಸೋತಿರುವಾಗ, ಮಳೆ ಶುರುವಾದಾಗ. ಈ ಮೂರೂ ಒಂದೇ ಹೊತ್ತಿಗೆ ಕೂಡುತ್ತವೆ.

ನಮ್ಮ ಘಟ್ಟಗಳಲ್ಲಿ ಚಳಿಗೆ ಸಾಯುವುದುಂಟೇ ಎಂದು ಕೇಳುವವರಿದ್ದಾರೆ. ಹಿಮ ಬೀಳಬೇಕಾದ ಅಗತ್ಯವಿಲ್ಲ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯುವುದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ; ಹೊರಗೆ 12–15 ಡಿಗ್ರಿ ಇದ್ದರೂ ಬಟ್ಟೆ ನೆನೆದು, ಗಾಳಿ ಬೀಸಿ, ಹೊಟ್ಟೆ ಖಾಲಿಯಿದ್ದರೆ ಅದು ಬರಬಹುದು. ಮೊದಲು ನಡುಕ ಹತ್ತುತ್ತದೆ. ಬಳಿಕ ಬೆರಳುಗಳು ಮರಗಟ್ಟಿ ಚೀಲದ ಜಿಪ್ ಎಳೆಯಲಾಗುವುದಿಲ್ಲ, ಬಿಸ್ಕತ್ತಿನ ಪೊಟ್ಟಣ ಹರಿಯಲಾಗುವುದಿಲ್ಲ. ಮಾತು ತೊದಲುತ್ತದೆ, ಹೆಜ್ಜೆ ಎಡವುತ್ತದೆ. ಆಮೇಲೆ ನಡುಕ ನಿಲ್ಲುತ್ತದೆ. ಅದು ಸುಧಾರಣೆಯ ಲಕ್ಷಣವಲ್ಲ, ದೇಹ ಸೋತ ಲಕ್ಷಣ. ಇಷ್ಟರೊಳಗೆ ವಿವೇಚನೆಯೂ ಮಂಕಾಗಿರುವುದರಿಂದ ಪೀಡಿತರಿಗೆ ತಮ್ಮ ಸ್ಥಿತಿ ತಿಳಿಯುವುದಿಲ್ಲ. ‘ನಿನ್ನ ಮಾತು ಸರಿಯಿಲ್ಲ, ಕೂತುಕೋ, ಒಣಬಟ್ಟೆ ಹಾಕಿಕೋ’ ಎಂದು ಗದರಿಸಲು ಪಕ್ಕದಲ್ಲೊಬ್ಬರು ಇರಬೇಕು. ಒಂಟಿ ಚಾರಣದ ನಿಜವಾದ ಕೊರತೆ ಇದೇ. ಕಾಲು ಉಳುಕುವುದು, ದಾರಿ ತಪ್ಪುವುದು, ಮೈ ನೆನೆಯುವುದು ಇವು ಗುಂಪಿನಲ್ಲಿಯೂ ಆಗುತ್ತವೆ. ಆದರೆ ಒಂದು ಸಣ್ಣ ತಪ್ಪು ಇನ್ನೊಂದಕ್ಕೆ ಎಡೆಮಾಡಿಕೊಡುವುದನ್ನು ನಡುವೆ ತಡೆಯುವ ಕೈ ಒಂಟಿಯಾಗಿ ಹೋದವರಿಗೆ ಇರುವುದಿಲ್ಲ.

ಆದ್ದರಿಂದ ಡಿಸೆಂಬರ್‌ವರೆಗೆ ಕಾಯಿರಿ. ಅಕ್ಟೋಬರಿನಲ್ಲಿಯೇ ಆಗಬೇಕೆಂದಿದ್ದರೆ ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಮತ್ತು ಹಿಂದಿರುಗುವ ಗಂಟೆಯನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳಿರಿ. ಬೆಳಗಿನ ಹನ್ನೊಂದು ಎಂದು ನಿಶ್ಚಯಿಸಿದ್ದರೆ, ಶಿಖರ ಕಣ್ಣೆದುರಿಗೇ ಇದ್ದರೂ ಹನ್ನೊಂದಕ್ಕೆ ತಿರುಗಬೇಕು. ಬೆಟ್ಟದ ಮೇಲೆ, ಶಿಖರಕ್ಕೆ ಅರ್ಧ ಗಂಟೆ ದೂರದಲ್ಲಿ ನಿಂತು ಮಾಡುವ ತೀರ್ಮಾನಕ್ಕಿಂತ ಊರಿನಲ್ಲಿ ತಣ್ಣಗೆ ಕೂತು ಮಾಡಿದ ತೀರ್ಮಾನವೇ ಯಾವತ್ತಿಗೂ ನಂಬತಕ್ಕದ್ದು.

ಪ್ರಶ್ನೆ: ಜೀನ್ಸ್ ಪ್ಯಾಂಟು, ಹತ್ತಿಯ ಟೀ ಶರ್ಟು ಧರಿಸಿ ಹೋಗುವುದರಲ್ಲಿ ತಪ್ಪೇನಾದರೂ ಇದೆಯೇ? (ಕಾಲೇಜು ವಿದ್ಯಾರ್ಥಿನಿ, ತುಮಕೂರು)

ಉತ್ತರ: ಮಳೆಯ ಸಂಭವವಿದ್ದರೆ ಖಂಡಿತ ಬೇಡ. ಹತ್ತಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೆನೆದ ಜೀನ್ಸ್ ಭಾರವಾಗಿ, ಗಂಟೆಗಟ್ಟಲೆ ಒಣಗದೆ, ಮೈಯ ಶಾಖವನ್ನು ಎಳೆಯುತ್ತಲೇ ಇರುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆ ಸಾಕು, ದುಬಾರಿಯದೇ ಆಗಬೇಕಿಲ್ಲ. ಅದಕ್ಕಿಂತ ಮುಖ್ಯವಾದುದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಜೊತೆ ಒಣಬಟ್ಟೆ, ಒಂದು ಉಣ್ಣೆಯ ಟೋಪಿ. ಅದನ್ನು ಚೀಲದ ತಳದಲ್ಲಿಟ್ಟು, ನಡೆಯುವಾಗ ಎಷ್ಟೇ ಚಳಿಯಾದರೂ ಬಿಚ್ಚಬೇಡಿ. ಎಲ್ಲಾದರೂ ನಿಲ್ಲಬೇಕಾಗಿ ಬಂದಾಗ ಅದೇ ನಿಮ್ಮನ್ನು ಉಳಿಸುತ್ತದೆ. ಕೊಡೆ ಊರಿನೊಳಗೆ ಮಾತ್ರ. ಬೋಳು ನೆತ್ತಿಯ ಗಾಳಿಗೆ ಅದು ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಒಬ್ಬಳೇ ಕೊಡಚಾದ್ರಿಗೆ ಹೋಗುವ ಅಭ್ಯಾಸವಿದೆ. ಕಳೆದ ಮೇ ತಿಂಗಳಲ್ಲಿ ಸರ್ವಜ್ಞ ಪೀಠದ ಬಳಿ ಇದ್ದಾಗ ಇದ್ದಕ್ಕಿದ್ದಂತೆ ಸಿಡಿಲು ಬಡಿಯತೊಡಗಿತು. ಮಂಟಪದೊಳಗೆ ನಿಂತು ಬಚಾವಾದೆ. ಅಂತಹ ಸಂದರ್ಭದಲ್ಲಿ ಏನು ಮಾಡಬೇಕು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನೀವು ಕ್ಷೇಮವಾಗಿ ಹಿಂದಿರುಗಿದ್ದು ಸಂತೋಷ. ಆದರೆ ಮಂಟಪ ನಿಮ್ಮನ್ನು ಉಳಿಸಿತು ಎಂದು ದಯವಿಟ್ಟು ಭಾವಿಸಬೇಡಿ. ಎತ್ತರದ ಬಯಲಿನಲ್ಲಿ ಒಂಟಿಯಾಗಿ ನಿಂತ ಸಣ್ಣ ಕಲ್ಲು ಕಟ್ಟಡಕ್ಕೆ ಸಿಡಿಲು ಬಡಿಯುವ ಸಾಧ್ಯತೆ ಹೆಚ್ಚು. ಬಡಿದ ವಿದ್ಯುತ್ತು ನೆನೆದ ಕಲ್ಲು ಗೋಡೆಯ ಮೇಲೆ ಹರಿದು, ಒಳಗಿರುವವರಿಗೆ ಹಾಯಬಲ್ಲದು. ಬಂಡೆಯ ಚಾಚು, ಗುಹೆಯ ಬಾಯಿ, ಒಂಟಿ ಮರದ ಬುಡ ಇವೆಲ್ಲವೂ ಹಾಗೆಯೇ. ತಂತಿಬೇಲಿ, ಕಬ್ಬಿಣದ ಕಟಕಟೆ, ಮೊಬೈಲ್ ಗೋಪುರಗಳಿಂದಲೂ ದೂರವಿರಬೇಕು. ವಿದ್ಯುತ್ ತಂತಿ, ಕೊಳಾಯಿಗಳಿರುವ ಗಟ್ಟಿಮುಟ್ಟಾದ ಮನೆ ಅಥವಾ ಲೋಹದ ಚಾವಣಿಯ ಮುಚ್ಚಿದ ವಾಹನ ಮಾತ್ರ ನಿಜವಾದ ಆಶ್ರಯ. ಬೆಟ್ಟದ ರಸ್ತೆಯಲ್ಲಿ ಓಡುವ, ಕ್ಯಾನ್ವಾಸ್ ಹೊದಿಸಿದ ಜೀಪು ಈ ಲೆಕ್ಕಕ್ಕೆ ಬರುವುದಿಲ್ಲ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿರಿ. ಸದ್ದು ಒಂದು ಕಿಲೊಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. 30 ಸೆಕೆಂಡಿನೊಳಗೆ ಕೇಳಿಸಿದರೆ ಸಿಡಿಲು ಹತ್ತು ಕಿಲೊಮೀಟರಿನೊಳಗಿದೆ, ಮುಂದಿನದು ನಿಮ್ಮ ತಲೆಯ ಮೇಲೆಯೇ ಬೀಳಬಹುದು. ಆಗ ನೆತ್ತಿಯನ್ನು ಬಿಟ್ಟು ಕೆಳಗಿಳಿಯಬೇಕು; ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮೇಲೇರಬಾರದು. ತಗ್ಗಾದ ಕಾಡಿನಲ್ಲಿ, ಒಂದೇ ಎತ್ತರದ ಮರಗಳ ನಡುವೆ, ಕಾಂಡಗಳಿಂದ ದೂರದಲ್ಲಿರುವುದು ಬಯಲಿಗಿಂತ ವಾಸಿ. ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರುವುದನ್ನು ಕೆಲವರು ದೊಡ್ಡ ರಕ್ಷಣೆ ಎಂಬಂತೆ ಕಲಿಸುತ್ತಾರೆ. ಬೇರೆ ಗತಿಯೇ ಇಲ್ಲದಾಗ ನೆಲದ ಮೂಲಕ ಹಾಯುವ ವಿದ್ಯುತ್ತಿನ ಪೆಟ್ಟನ್ನು ಅದು ತುಸು ತಗ್ಗಿಸೀತು, ಅಷ್ಟೆ. ಕಾಪಾಡುವುದು ಹೊತ್ತಿಗೆ ಮುಂಚೆ ಇಳಿದುಬಿಡುವುದೊಂದೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮೊಬೈಲ್ ಸಂಪರ್ಕ ಇಲ್ಲದ ಕಡೆ ಅದು ಕೆಲಸಕ್ಕೆ ಬಾರದು ಎಂಬುದನ್ನು ನೆನಪಿಡಿ.

ನೀವು ಒಬ್ಬರೇ ಹೋಗುವವರಾದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿಡಿಲು ಬಡಿದವರಲ್ಲಿ ಬಹುಮಂದಿ ಬದುಕುತ್ತಾರೆ. ಸಾವು ಬರುವುದು ಹೆಚ್ಚಾಗಿ ಆ ಕ್ಷಣವೇ ಹೃದಯ ಅಥವಾ ಉಸಿರು ನಿಂತುಹೋಗುವುದರಿಂದ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಿದರೆ ಅಪಾಯವಿಲ್ಲ. ಪಕ್ಕದಲ್ಲಿದ್ದವರು ಕೂಡಲೇ ಎದೆಯನ್ನು ಒತ್ತಿ ಉಸಿರು ಕೊಟ್ಟರೆ ಎಷ್ಟೋ ಜೀವಗಳು ಮರಳುತ್ತವೆ. ಆ ಕೆಲವು ನಿಮಿಷಗಳಲ್ಲಿ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಾಡಬಹುದಾದ್ದು ಏನೂ ಇಲ್ಲ. ಏಪ್ರಿಲ್–ಮೇ ತಿಂಗಳುಗಳಲ್ಲಿ ಮುಂಜಾನೆ ಹತ್ತಿ, ಮಧ್ಯಾಹ್ನದೊಳಗೆ ಇಳಿದುಬಿಡಿ. ಸಾಧ್ಯವಾದರೆ ಶಾಲೆಯ ಸಹೋದ್ಯೋಗಿಯೊಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ಪಶ್ಚಿಮ ಘಟ್ಟದ ಬಹುತೇಕ ಚಾರಣಗಳನ್ನು ಒಬ್ಬನೇ ಮುಗಿಸಿದ್ದೇನೆ. ಈಗ ಉತ್ತರಾಖಂಡದಲ್ಲಿ ನಾಲ್ಕು ಸಾವಿರ ಮೀಟರಿಗೂ ಮೇಲಿನ ದಾರಿಯೊಂದನ್ನು ಜೂನ್ ಮೊದಲ ವಾರ ಇಲ್ಲವೇ ಅಕ್ಟೋಬರಿನಲ್ಲಿ ಒಂಟಿಯಾಗಿ ಮಾಡುವ ಆಸೆ. ಯಾವ ತಿಂಗಳು ಮೇಲು? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಒಂಟಿಯಾಗಿ ಎಂದಾದರೆ ಎರಡೂ ಬೇಡ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ನಮ್ಮ ರಾಜ್ಯದಿಂದ ಹೋಗಿದ್ದ ಚಾರಣಿಗರಿಗೆ ಆದದ್ದನ್ನು ನೀವು ಮರೆತಿರಲಾರಿರಿ. ಅವರು ಒಂಟಿಯಾಗಿ ಹೋದವರಲ್ಲ. ಮಾರ್ಗದರ್ಶಕರೂ ಸೇರಿ 22 ಮಂದಿಯ ತಂಡವದು, ಅನುಭವಿಗಳೂ ಇದ್ದರು. ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಉಳಿದವರನ್ನು ರಾಜ್ಯ ವಿಪತ್ತು ಪರಿಹಾರ ಪಡೆಯವರೂ ವಾಯುಪಡೆಯ ಹೆಲಿಕಾಪ್ಟರುಗಳೂ ಕೆಳಗೆ ತಂದವು. ಜೂನ್ ಆರಂಭದಲ್ಲಿ ಅಲ್ಲಿಗೆ ಮುಂಗಾರು ತಲಪಿರುವುದಿಲ್ಲ ಎಂಬುದು ನಿಜ. ಹಾಗೆಂದು ಹವೆ ಸ್ಥಿರವಾಗಿರುತ್ತದೆ ಎಂದಲ್ಲ. ಮಧ್ಯಾಹ್ನದ ಬಳಿಕ ಗಂಟೆಯೊಳಗೆ ಹಿಮ ಬೀಳಬಹುದು.

ಅಕ್ಟೋಬರಿನ ಆಕಾಶ ಜೂನಿಗಿಂತ ತಿಳಿ, ಒಪ್ಪತಕ್ಕ ಮಾತು. ಆದರೆ 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ನೆಲ ಮುಟ್ಟಿದ ಹುದ್‌ಹುದ್ ಚಂಡಮಾರುತದ ಉಳಿಕೆ ಉತ್ತರಕ್ಕೆ ಸಾಗಿ, ಎರಡು ದಿನಗಳ ಬಳಿಕ ನೇಪಾಳದ ಅನ್ನಪೂರ್ಣ ಪ್ರದೇಶದ ಥೊರಾಂಗ್ ಲಾ ಕಣಿವೆದಾರಿಯ ಸುತ್ತ ಹಿಮವಾಗಿ ಸುರಿದಾಗ, ಚಾರಣಿಗರೂ ಸ್ಥಳೀಯರೂ ಸೇರಿ 40ಕ್ಕೂ ಹೆಚ್ಚು ಜನ ಸತ್ತರು. ವರ್ಷದ ಅತ್ಯುತ್ತಮ ಚಾರಣ ಕಾಲ ಎಂದು ಎಲ್ಲರೂ ಹೊರಡುವ ವಾರವದು. ನೇಪಾಳ 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಮಾರ್ಗದರ್ಶಕರನ್ನು ಕಡ್ಡಾಯ ಮಾಡಿದೆ.

ಘಟ್ಟದ ಅನುಭವ ನಿಮ್ಮ ಕಾಲುಗಳನ್ನು ಗಟ್ಟಿಮಾಡಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ರಾಜ್ಯದ ಘಟ್ಟದಲ್ಲಿ ಎಲ್ಲಿ ಸಿಕ್ಕಿಬಿದ್ದರೂ ಎರಡು ಸಾವಿರ ಮೀಟರಿನೊಳಗೆ ಇರುತ್ತೀರಿ. ಹಿಮಾಲಯದಲ್ಲಿ ಎತ್ತರದ ಕಾಯಿಲೆಯೂ ಸೇರಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂರಾಡುವ ನಡಿಗೆ ಬಂದರೆ ತಡಮಾಡದೆ ಇಳಿಯುವುದೊಂದೇ ಮದ್ದು, ಮತ್ತು ಆ ಸ್ಥಿತಿಯಲ್ಲಿರುವವರಿಗೆ ಇಳಿಯಬೇಕೆಂದು ತೋಚುವುದೇ ಕಷ್ಟ. ನೋಂದಾಯಿತ ಮಾರ್ಗದರ್ಶಕರೊಂದಿಗೆ ಹೋಗಿ. ಹವೆ ಕೆಟ್ಟರೆ ಶಿಬಿರದಲ್ಲಿಯೇ ಉಳಿಯಲು ಒಂದೆರಡು ದಿನ ಹೆಚ್ಚಿಗೆ ರಜೆ ಹಾಕಿ. ಹಿಂದಿರುಗುವ ರೈಲಿನ ಟಿಕೆಟ್ಟು ಕೈಯಲ್ಲಿರುವವರು ಕೆಟ್ಟ ಹವೆಯಲ್ಲಿಯೂ ಹೊರಟುಬಿಡುತ್ತಾರೆ.

ಪ್ರಶ್ನೆ: ಮಗನಿಗೆ 24 ವರ್ಷ. ತಿಂಗಳಿಗೊಮ್ಮೆ ಯಾವುದಾದರೂ ಬೆಟ್ಟಕ್ಕೆ ಒಬ್ಬನೇ ಹೊರಡುತ್ತಾನೆ. ಬೇಡವೆಂದರೆ ಕೇಳುವುದಿಲ್ಲ. ಫೋನು ಸಿಗದ ಹೊತ್ತಿನಲ್ಲಿ ನಾನೂ ನನ್ನ ಹೆಂಡತಿಯೂ ಪಡುವ ಸಂಕಟ ಅವನಿಗೆ ತಿಳಿಯದು. ನಾವು ಏನು ಮಾಡಬೇಕು? (ತಂದೆಯೊಬ್ಬರು, ಮೈಸೂರು)

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ‘ಹೋಗಬೇಡ’ ಎಂಬ ಮಾತನ್ನು ಬಿಟ್ಟು, ‘ಬರೆದಿಟ್ಟು ಹೋಗು’ ಎಂದು ಕೇಳಿನೋಡಿ. ಬಲವಂತವಾಗಿ ತಡೆದರೆ ಅವರು ಹೇಳದೆಯೇ ಹೋದಾರು, ಅದು ಎಲ್ಲಕ್ಕಿಂತ ಕೆಟ್ಟದ್ದು.

ಒಂದು ಹಾಳೆ ಸಾಕು. ಯಾವ ಬೆಟ್ಟ, ಯಾವ ಕಡೆಯಿಂದ ಹತ್ತುವುದು, ಯಾವ ಕಡೆ ಇಳಿಯುವುದು. ಕುಮಾರಪರ್ವತದಂತಹ ಬೆಟ್ಟಕ್ಕೆ ಸುಬ್ರಹ್ಮಣ್ಯದ ಕಡೆಯಿಂದಲೂ ಸೋಮವಾರಪೇಟೆಯ ಕಡೆಯಿಂದಲೂ ದಾರಿ ಇರುವುದರಿಂದ ಇದು ಬಹಳ ಮುಖ್ಯ. ಅನುಮತಿ ಪತ್ರದ ಪ್ರತಿ, ಹಿಂದಿನ ರಾತ್ರಿ ತಂಗಿದ ಮನೆಯವರ ಫೋನ್ ನಂಬರು, ಆ ವಲಯದ ಅರಣ್ಯ ಕಚೇರಿಯ ನಂಬರು, ತೊಟ್ಟ ಅಂಗಿಯ ಮತ್ತು ಬೆನ್ನುಚೀಲದ ಬಣ್ಣ. ಕೊನೆಯಲ್ಲಿ ಎರಡು ಹೊತ್ತುಗಳು: ಕೆಳಗಿಳಿದು ಫೋನ್ ಮಾಡುವ ಹೊತ್ತು ಒಂದು, ಅಷ್ಟರೊಳಗೆ ಕರೆ ಬಾರದಿದ್ದರೆ ನೀವು ಹುಡುಕಾಟಕ್ಕೆ ತಿಳಿಸಬೇಕಾದ ಹೊತ್ತು ಇನ್ನೊಂದು. ಸಂಜೆ ಐದಕ್ಕೆ ಕರೆ, ರಾತ್ರಿ ಎಂಟಕ್ಕೆ ದೂರು ಎಂದು ಮೊದಲೇ ಒಪ್ಪಿಕೊಂಡಿದ್ದರೆ, ನಡುವೆ ಸಿಗ್ನಲ್ ಇಲ್ಲದ ಗಂಟೆಗಳಲ್ಲಿ ನೀವು ಗಾಬರಿಪಡಬೇಕಾಗುವುದಿಲ್ಲ, ಅವರೂ ಕಿರಿಕಿರಿಪಡಬೇಕಾಗುವುದಿಲ್ಲ.

2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿ ಒಬ್ಬನೇ ಚಾರಣಕ್ಕೆ ಹೋಗಿದ್ದ ವಿದ್ಯಾರ್ಥಿಯೊಬ್ಬ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡಾಗ, ತಾನಿದ್ದ ಜಾಗದ ವಿವರವನ್ನು ಫೋನಿನಿಂದ ಪೊಲೀಸರಿಗೆ ಕಳಿಸಿದ; ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಅವನನ್ನು ಮೇಲೆತ್ತಿತು. ಅಂದು ಸಿಗ್ನಲ್ ಇತ್ತು, ಆಕಾಶ ತಿಳಿಯಾಗಿತ್ತು, ವಾಯುನೆಲೆ ಹತ್ತಿರವಿತ್ತು. ಕುದುರೆಮುಖದ ಮಂಜಿನಲ್ಲಿ ಇವು ಮೂರನ್ನೂ ನಿರೀಕ್ಷಿಸುವಂತಿಲ್ಲ. ಆದ್ದರಿಂದ ನಿಮ್ಮ ಮಗನಿಗೆ ಒಂದು ಸೀಟಿ ಕೊಡಿಸಿ. ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಬಾರಿ ಊದುವುದು ಬೆಟ್ಟಗಳಲ್ಲಿ ಅಪಾಯದ ಸಂಕೇತ. ಬ್ಯಾಟರಿ ಉಳಿಯಲು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ನಡೆಯಬೇಕು, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು, ಹಣೆಗೆ ಕಟ್ಟುವ ಟಾರ್ಚು ಕಡ್ಡಾಯವಾಗಿ ಇರಬೇಕು. ನವೆಂಬರಿನಲ್ಲಿ ಸಂಜೆ ಆರರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಶೋಲಾ ಕಾಡಿನೊಳಗೆ ಕತ್ತಲು ಇನ್ನೂ ಬೇಗ ಕವಿಯುತ್ತದೆ.

ದಾರಿ ತಪ್ಪಿದರೆ ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಪಶ್ಚಿಮ ಘಟ್ಟದಲ್ಲಿ ಅದು ಪ್ರಾಣಕ್ಕೆ ಎರವಾಗುವ ಸಲಹೆ. ಇಲ್ಲಿನ ಹಳ್ಳಗಳು ಜಲಪಾತಗಳಾಗಿ ಧುಮುಕುತ್ತವೆ. ಒಂದು ಬಂಡೆ ಜಾರಿ ಇಳಿದವರಿಗೆ ಮೇಲೆ ಹತ್ತಲೂ ಆಗದೆ ಮುಂದೆ ಇಳಿಯಲೂ ಆಗದೆ ನಡುವೆಯೇ ಉಳಿಯಬೇಕಾಗುತ್ತದೆ. ಮೇಲೆಲ್ಲೋ ಮಳೆಯಾದರೆ ನೀವು ನಿಂತಲ್ಲಿ ಹನಿ ಬೀಳದಿದ್ದರೂ ನೀರು ಏರುತ್ತದೆ. ತಿಳಿನೀರು ಕೆಂಪಾಗಿ, ತರಗೆಲೆ ತೇಲಿಬರತೊಡಗಿದರೆ ದಾಟದೆ ಹಿಂದೆ ಸರಿಯಬೇಕು, ಮಳೆ ನಿಂತ ಕೆಲವು ಗಂಟೆಗಳಲ್ಲಿ ಅದು ತಾನೇ ಇಳಿಯುತ್ತದೆ. ದಾರಿ ತಪ್ಪಿತೆಂದು ಖಚಿತವಾದ ಮೇಲೆ ಗಾಳಿ ತಾಗದ ಜಾಗ ನೋಡಿ, ಒಣಬಟ್ಟೆ ತೊಟ್ಟು, ಚೀಲದ ಮೇಲೆ ಕೂತು ಕಾಯುವುದೇ ಸರಿ. ಒಂದೇ ಜಾಗದಲ್ಲಿರುವವರನ್ನು ಹುಡುಕುವುದು ಸುಲಭ.

ನೀವು ಒಪ್ಪಿಕೊಂಡ ಎರಡನೆಯ ಹೊತ್ತು ಮೀರಿದರೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ, ಆ ಹಾಳೆಯಲ್ಲಿರುವುದನ್ನೆಲ್ಲ ಓದಿ ಹೇಳಿ, ಬಳಿಕ ಅರಣ್ಯ ಕಚೇರಿಗೂ ತಂಗಿದ್ದ ಮನೆಗೂ ತಿಳಿಸಿ. ‘ಬೆಳಗಾಗಲಿ, ನೋಡೋಣ’ ಎಂದು ಕಾಯಬೇಡಿ. ಕತ್ತಲಲ್ಲಿ, ಮಳೆಯಲ್ಲಿ ಹುಡುಕಾಟ ಸಾಧ್ಯವಾಗದಿದ್ದರೂ ಊರಿನ ಬಲ್ಲವರನ್ನೂ ಸಿಬ್ಬಂದಿಯನ್ನೂ ಒಟ್ಟುಗೂಡಿಸಿ ನಸುಕಿನಲ್ಲಿಯೇ ಹೊರಡಬೇಕಾದರೆ, ಮಾಹಿತಿ ಅವರ ಕೈಗೆ ರಾತ್ರಿಯೇ ಸೇರಿರಬೇಕು.